ಬೋರ್‌ವೆಲ್ ನೀರು, ಮೈಸೂರು ಸ್ಯಾಂಡಲ್ ಸೋಪು

ಹೋದ ತಿಂಗಳು ಮೈಸೂರು ಸ್ಯಾಂಡಲ್ ಮೂರು ಸೋಪು ತಂದೆ. ನಮ್ಮ ಮನೆಗೆ ಸ್ನಾನದ ಸೋಪು ಬಂದು ನಾಲ್ಕು ವರ್ಷವಾಗಿತ್ತು. ಕೊರೊನಾ ಕಾಲದಲ್ಲಿ ಸಿಂಕ್ ಪಕ್ಕ ಹ್ಯಾಂಡ್‌ವಾಶ್ ಬಂದು ಕೂತಿತು, ಅದರ ಹಿಂದೆಯೇ ಬಚ್ಚಲಿಗೆ ಬಾಡಿವಾಶ್. ಒಬ್ಬರು ಉಜ್ಜಿದ ಸೋಪನ್ನು ಇನ್ನೊಬ್ಬರು ಮುಟ್ಟುವುದು ಮಗಳಿಗೆ ಅಸಹ್ಯ. "ಅದ್ರಲ್ಲಿ ಕೂದಲಿದೆ ಅಮ್ಮಾ" ಅಂದಳು. ಅಲ್ಲಿಗೆ ಮುಗೀತು.

ಡಬ್ಬ ತೆಗೆದಾಗ ಬಂದ ಪರಿಮಳಕ್ಕೆ ಪೂರ್ತಿ ಮಾರ್ಕು. ಅದೇ ಮೊಟ್ಟೆ ಆಕಾರ, ಅದೇ ಆನೆ ತಲೆಯ ಶರಭ. ಮಾವನವರು ಡಬ್ಬ ನೋಡಿದ್ದೇ ಹಳೇ ಕಥೆ ತೆಗೆದರು: ಮೊದಲನೇ ಮಹಾಯುದ್ಧ ಶುರುವಾಗಿ ಗಂಧದ ಮರ ಯುರೋಪಿಗೆ ಹೋಗದೆ ಇಲ್ಲೇ ಉಳೀತು, 1916ರಲ್ಲಿ ಮೈಸೂರಲ್ಲೇ ಎಣ್ಣೆ ತೆಗೆಯೋಕೆ ಶುರು ಮಾಡಿದರು, ಆಮೇಲೆ ಬೆಂಗಳೂರಲ್ಲಿ ಸೋಪು. ಖಾಲಿ ಡಬ್ಬವನ್ನು ಅಮ್ಮ ಬೀರುವಿನಲ್ಲಿ ಸೀರೆಗಳ ನಡುವೆ ಇಡುತ್ತಿದ್ದರು. ನಾನೂ ಇಟ್ಟೆ.

ಸ್ನಾನಕ್ಕೆ ನಿಂತಾಗ ಮಾತ್ರ ನಿರಾಸೆ. ಎಷ್ಟು ಉಜ್ಜಿದರೂ ನೊರೆ ಇಲ್ಲ. ಮೈ ಮೇಲೆ ಏನೋ ಅಂಟಿದ ಹಾಗೆ. ಬಕೆಟ್ ಸುತ್ತ ಬಿಳಿ ಪಟ್ಟಿ. ಸೋಪೇ ಕೆಟ್ಟಿದೆ ಅಂದುಕೊಂಡೆ. ಆದರೆ ಗ್ರೇಡ್ 1 ಸೋಪಿದು, ಅಂದರೆ ನೂರಕ್ಕೆ 76 ಭಾಗವಾದರೂ ಕೊಬ್ಬಿನಂಶ ಇರಲೇಬೇಕು. ಬಾತಿಂಗ್ ಬಾರ್ ಅಂತ ಮಾರುವವಕ್ಕೆ ಅಷ್ಟು ಕಟ್ಟುನಿಟ್ಟಿಲ್ಲ.

ಒಂದು ಸೋಪು ತಗೊಂಡು ಮೈಸೂರಿಗೆ ಅಕ್ಕನ ಮನೆಗೆ ಹೋದೆ. ಅಲ್ಲಿ ಕಾವೇರಿ ನೀರು. ಎರಡು ಸಲ ಉಜ್ಜಿದ್ದೇ ತಡ, ಕೈ ತುಂಬ ನೊರೆ! ತಪ್ಪು ಸೋಪಿನದ್ದಲ್ಲ, ನಮ್ಮ ಬೋರ್‌ವೆಲ್‌ದು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜತೆ ಸೇರಿ ಕರಗದ ಗಸಿಯಾಗುತ್ತದೆ. ಆ ಬಿಳಿ ಪಟ್ಟಿ ಅದೇ. ಬಾಡಿವಾಶ್ ಹೆಚ್ಚಾಗಿ ಡಿಟರ್ಜೆಂಟ್ ಜಾತಿಯದು, ಆ ನೀರಲ್ಲೂ ನೊರೆ ಬರುತ್ತದೆ. ಜನ ಸೋಪು ಬಿಟ್ಟಿದ್ದು ಬರೀ ಶೋಕಿಗೆ ಅಂತ ನಾನೂ ಬೈಯುತ್ತಿದ್ದೆ. ಸಾವಿರ ಅಡಿ ಆಳದ ನೀರು ಸ್ನಾನಕ್ಕೆ ಬಂದರೆ ಯಾರು ತಾನೇ ಏನು ಮಾಡ್ತಾರೆ, ಅಲ್ವಾ?

ಹಾಗಂತ ಬಾಡಿವಾಶ್‌ಗೆ ಜೈ ಅನ್ನಲ್ಲ. ನಮ್ಮ ಮನೆ ಬಾಟಲಿಯ ಲೇಬಲ್‌ನಲ್ಲಿ ಮೊದಲ ಹೆಸರೇ ನೀರು. ಮಗಳು ನಾಲ್ಕು ಸಲ ಒತ್ತುತ್ತಾಳೆ, ಹತ್ತು ಹನ್ನೆರಡು ದಿನಕ್ಕೆ ಬಾಟಲಿ ಖಾಲಿ. ಸೋಪಾದರೆ ತಿಂಗಳು ಬರುತ್ತಿತ್ತು. ಕೊನೆಯ ಚೂರನ್ನು ಹೊಸದರ ಬೆನ್ನಿಗೆ ಅಂಟಿಸಿದರೆ ಇನ್ನೂ ಮೂರು ದಿನ.

ಒಂದು ಸೋಪು ಅಕ್ಕನ ಮನೆಯಲ್ಲೇ ಬಿಟ್ಟು ಬಂದೆ. ನಮ್ಮ ಬಡಾವಣೆಗೆ ವಾರಕ್ಕೆ ಎರಡು ದಿನ ಕಾವೇರಿ ಬಿಡುತ್ತಾರೆ, ಅದು ಅಡುಗೆಗೆ, ಕುಡಿಯೋಕೆ ಮಾತ್ರ. ಈಗ ಶುಕ್ರವಾರ ಅದರಲ್ಲಿ ಒಂದು ಬಕೆಟ್ ಬಚ್ಚಲಿಗೆ ಹೋಗುತ್ತಿದೆ. ಮನೆಯವರಿಗೆ ಇನ್ನೂ ಹೇಳಿಲ್ಲ.