ಎಲರ್, ಅಲರ್ ಮತ್ತು ಆಂಕಿ: ಆರು ವರ್ಷ ಬಳಸಿದ ಮೇಲೆ ಬರೆದ ವಿಮರ್ಶೆ

ದೂರಶಿಕ್ಷಣದಲ್ಲಿ ಕನ್ನಡ ಎಂ.ಎ. ಮಾಡಲೆಂದು 2019ರಲ್ಲಿ ಹೆಸರು ನೋಂದಾಯಿಸಿದಾಗ ನನಗೆ ನಲವತ್ತೊಂದು ವರ್ಷವಾಗಿತ್ತು. ಹಗಲು ವಿಮಾ ಕಚೇರಿಯ ಕೆಲಸ, ರಾತ್ರಿ ಹಳಗನ್ನಡ ಕಾವ್ಯ. ಒಂದು ಪದ್ಯಕ್ಕೆ ಹತ್ತು ಹದಿನೈದು ಸಲ ನಿಘಂಟು ತೆರೆಯಬೇಕಾಗುತ್ತಿತ್ತು. ಮರುವಾರ ಅದೇ ಪದಕ್ಕೆ ಮತ್ತೆ ಅದೇ ಪುಟ ತೆರೆದು, ಅಂಚಿನಲ್ಲಿ ನಾನೇ ಪೆನ್ಸಿಲಿನಿಂದ ಎಳೆದಿದ್ದ ಗೆರೆಯನ್ನು ಕಂಡು ನಾಚುತ್ತಿದ್ದೆ. ಮಗ್ಗಿಯನ್ನೂ ಶ್ಲೋಕಗಳನ್ನೂ ಬಾಯಿಪಾಠ ಮಾಡಿಸಿದ ಶಾಲೆಯಲ್ಲಿ ಓದಿದವನಾದ್ದರಿಂದ ಮೊದಲು ಉರು ಹೊಡೆದು ನೋಡಿದೆ. ಹತ್ತು ವರ್ಷದ ವಯಸ್ಸಿನಲ್ಲಿ ಕೆಲಸ ಮಾಡಿದ ಆ ವಿದ್ಯೆ ನಲವತ್ತರಲ್ಲಿ ಕೈಕೊಟ್ಟಿತು. ಆಗ ಸಹೋದ್ಯೋಗಿಯೊಬ್ಬರ ಮಗಳು, ವೈದ್ಯಕೀಯ ವಿದ್ಯಾರ್ಥಿನಿ, ತನ್ನ ಲ್ಯಾಪ್‌ಟಾಪಿನಲ್ಲಿದ್ದ ಆಂಕಿ ಎಂಬ ತಂತ್ರಾಂಶವನ್ನು ತೋರಿಸಿದಳು. ಅಂದಿನಿಂದ ಇಂದಿನವರೆಗೆ, ನಡುವೆ ಒಂದು ದೊಡ್ಡ ಅಡಚಣೆಯನ್ನು ಬಿಟ್ಟರೆ, ಅದನ್ನು ದಿನವೂ ಬಳಸಿದ್ದೇನೆ.

ಆಂಕಿ ಎಂದರೆ ಜಪಾನೀ ಭಾಷೆಯಲ್ಲಿ ಕಂಠಪಾಠ; ನಮ್ಮ ಅಂಕಿಗೂ ಅದಕ್ಕೂ ಸಂಬಂಧವಿಲ್ಲ. ಡೇಮಿಯನ್ ಎಲ್ಮ್ಸ್ ಅವರು 2006ರಲ್ಲಿ ಇದನ್ನು ಮೊದಲು ಹೊರತಂದರು. ಇದರ ಹಿಂದಿರುವ ವಿಚಾರ ಇನ್ನೂ ಹಳೆಯದು. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತೆ ಎಂದು ಅಳೆದು, 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಗಂಟೆಗಳಲ್ಲೇ ಧಾವಿಸಿ ಬರುತ್ತದೆ, ಆಮೇಲೆ ನಿಧಾನವಾಗುತ್ತದೆ ಎಂಬುದು ಅವರು ಕಂಡ ಸಂಗತಿ. ಹಾಗಾದರೆ ಮರೆಯುವ ಹೊಸ್ತಿಲಲ್ಲಿ ಇರುವಾಗಲೇ ಒಮ್ಮೆ ನೆನಪಿಸಿಕೊಂಡರೆ ಮುಂದಿನ ಮರೆವು ದೂರ ಸರಿಯುತ್ತದೆ ಎಂಬ ಎಣಿಕೆಯನ್ನು ಪೋಲೆಂಡಿನ ಪಿಯೋಟರ್ ವೋಜ್ನಿಯಾಕ್ 1987ರಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ಇಳಿಸಿದರು. ಆಂಕಿ ಬಹುಕಾಲ ನಡೆದದ್ದು ಆ ಲೆಕ್ಕವನ್ನು ಅಲ್ಪಸ್ವಲ್ಪ ಬದಲಿಸಿಕೊಂಡೇ.

ಬಳಕೆಯಲ್ಲಿ ಇದು ಬಹಳ ಸರಳ. ಕಾರ್ಡಿನ ಒಂದು ಬದಿಯಲ್ಲಿ ಪ್ರಶ್ನೆ, ಇನ್ನೊಂದು ಬದಿಯಲ್ಲಿ ಉತ್ತರ. ಉತ್ತರವನ್ನು ಮನಸ್ಸಿನಲ್ಲಿ ಹೇಳಿಕೊಂಡು, ಕಾರ್ಡು ತಿರುಗಿಸಿ, ಅಗೇನ್, ಹಾರ್ಡ್, ಗುಡ್, ಈಸಿ ಎಂಬ ನಾಲ್ಕರಲ್ಲಿ ಒಂದನ್ನು ಒತ್ತಬೇಕು. ಹಳೆಯ ಲೆಕ್ಕದಲ್ಲಿ ಪ್ರತಿ ಸಲ ಗುಡ್ ಒತ್ತುತ್ತ ಹೋದರೆ ಆ ಕಾರ್ಡು ಮರುದಿನ, ಆಮೇಲೆ ಎರಡು ಮೂರು ದಿನಕ್ಕೆ, ಒಂದು ವಾರಕ್ಕೆ, ಎರಡೂವರೆ ವಾರಕ್ಕೆ, ಒಂದೂವರೆ ತಿಂಗಳಿಗೆ, ಹೀಗೆ ಸುಮಾರು ಎರಡೂವರೆ ಪಟ್ಟು ಹಿಗ್ಗುತ್ತ ದೂರ ಹೋಗುತ್ತದೆ. ಅಗೇನ್ ಒತ್ತಿದರೆ ಮತ್ತೆ ಬುಡಕ್ಕೇ ಬರುತ್ತದೆ.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಾನೂ ಹಾಗೆಯೇ ಮಾಡಿದೆ. ದಿನಕ್ಕೆ ಇಪ್ಪತ್ತು ಹೊಸ ಕಾರ್ಡು ಎಂಬುದು ಆಂಕಿ ತಾನಾಗಿ ಇಟ್ಟಿರುವ ಮಿತಿ. ಇಪ್ಪತ್ತು ಏನು ಮಹಾ ಎಂದುಕೊಂಡೆ. ಆದರೆ ಹೊಸದಾಗಿ ಸೇರಿದ ಪ್ರತಿಯೊಂದು ಕಾರ್ಡೂ ಮುಂದಿನ ದಿನಗಳ ಮೇಲೆ ಸಾಲದಂತೆ ಕೂರುತ್ತದೆಂಬುದು ಎರಡನೆಯ ತಿಂಗಳಿನಲ್ಲಿ, ದಿನಕ್ಕೆ ಇನ್ನೂರರ ಹತ್ತಿರ ಕಾರ್ಡುಗಳು ಬಾಗಿಲಲ್ಲಿ ನಿಂತಾಗ ತಿಳಿಯಿತು. ಐವತ್ತು ನಿಮಿಷ ಅದಕ್ಕೇ ಹೋಗುತ್ತಿತ್ತು, ಕಾವ್ಯ ಓದಲು ಹೊತ್ತೇ ಉಳಿಯುತ್ತಿರಲಿಲ್ಲ. ಹೊಸ ಕಾರ್ಡುಗಳನ್ನು ದಿನಕ್ಕೆ ಆರಕ್ಕೆ ಇಳಿಸಿದ ಮೇಲೆಯೇ ಇದು ಉಳಿದುಕೊಂಡ ಅಭ್ಯಾಸವಾಯಿತು. ಈಗ ಸುಮಾರು 3,900 ಕಾರ್ಡುಗಳಿವೆ, ದಿನಕ್ಕೆ ಹತ್ತು ಹನ್ನೆರಡು ನಿಮಿಷ ಸಾಕು, ಅದೂ ಬಸ್ಸಿನಲ್ಲಿ.

ನನ್ನ ಮಟ್ಟಿಗೆ ಈ ತಂತ್ರಾಂಶದ ಗುಣದೋಷವೆಲ್ಲ ಕಾರ್ಡನ್ನು ಹೇಗೆ ಬರೆಯುತ್ತೇವೆ ಎಂಬುದರಲ್ಲೇ ಅಡಗಿದೆ. ಮೊದಲ ವಾರ ನಾನು ಬರೆದ ಒಂದು ಕಾರ್ಡು ಹೀಗಿತ್ತು: ಖ್ಯಾತ ಕರ್ನಾಟಕ ವೃತ್ತಗಳು ಯಾವುವು, ಅವುಗಳ ಗಣವಿನ್ಯಾಸವೇನು? ಉತ್ತರದಲ್ಲಿ ಆರು ವೃತ್ತಗಳು, ಅಂದರೆ ಪದ್ಯದ ಛಂದಸ್ಸುಗಳು, ಪ್ರತಿಯೊಂದಕ್ಕೂ ಮೂರಕ್ಷರದ ಗುಂಪುಗಳಾದ ಗಣಗಳ ಸಾಲು. ಐದನ್ನು ಸರಿಯಾಗಿ ಹೇಳಿ ಮಹಾಸ್ರಗ್ಧರೆಯಲ್ಲಿ ಒಂದು ಗಣ ತಪ್ಪಿದರೆ ಯಾವ ಗುಂಡಿ ಒತ್ತಬೇಕು? ಎರಡು ತಿಂಗಳು ಆ ಕಾರ್ಡು ನನ್ನನ್ನು ಕಾಡಿತು. ಕೊನೆಗೆ ಅದನ್ನು ಒಡೆದು ಹದಿನೆಂಟು ಚಿಕ್ಕ ಕಾರ್ಡುಗಳನ್ನು ಮಾಡಿದೆ. ಉತ್ಪಲಮಾಲೆಯ ಪಾದದಲ್ಲಿ ಎಷ್ಟು ಅಕ್ಷರ? 20. ಚಂಪಕಮಾಲೆಯಲ್ಲಿ? 21. ನ ಜ ಭ ಜ ಜ ಜ ರ ಎಂಬುದು ಯಾವ ವೃತ್ತ? ಒಂದು ಕಾರ್ಡಿಗೆ ಒಂದೇ ಉತ್ತರ ಎಂದಾದ ಮೇಲೆ ಆರೂ ವೃತ್ತಗಳು ಮೂರು ವಾರದಲ್ಲಿ ಕೈಗೆ ಬಂದವು. ಆದರೆ ಗಣಗಳ ಗುರುಲಘು ವಿನ್ಯಾಸಕ್ಕೆ ನಾನು ಕಾರ್ಡು ಮಾಡಲೇ ಇಲ್ಲ; ‘ಯಮಾತಾರಾಜಭಾನಸಲಗಂ’ ಎಂಬ ಸೂತ್ರವೊಂದಿದ್ದರೆ ಬೇಕಾದ ಅಕ್ಷರದಿಂದ ಮೂರಕ್ಷರ ಎಣಿಸಿಕೊಂಡರೆ ಎಂಟೂ ಗಣಗಳು ಹೊರಬರುತ್ತವೆ. ಹಿಂದಿನವರು ಗಂಟು ಹಾಕಿ ಕೊಟ್ಟದ್ದನ್ನು ಬಿಚ್ಚಿ ಎಂಟು ಕಾರ್ಡು ಮಾಡುವುದು ಪೆದ್ದುತನ.

ಇನ್ನೊಂದು ಪಾಠ ಕಲಿಸಿದವು ಎರಡು ಪದಗಳು. ಎಲರ್ ಎಂದರೆ ಗಾಳಿ, ಅಲರ್ ಎಂದರೆ ಹೂವು. ಬೇರೆ ಬೇರೆಯಾಗಿ ಕೇಳಿದರೆ ಎರಡೂ ಸುಲಭ. ಒಂದೇ ವಾರದಲ್ಲಿ ಎರಡನ್ನೂ ಸೇರಿಸಿದ್ದರಿಂದ ಎಲರ್ ಬಂದಾಗ ಹೂವು, ಅಲರ್ ಬಂದಾಗ ಗಾಳಿ ಎನ್ನತೊಡಗಿದೆ. ಪೊೞಲ್ (ಪಟ್ಟಣ) ಮತ್ತು ಪೊನಲ್ (ಹೊಳೆ) ಜೋಡಿಯದೂ ಅದೇ ಕಥೆ. ಒಂದು ಕಾರ್ಡು ಎಂಟು ಸಲ ತಪ್ಪಿದರೆ ಆಂಕಿ ಅದಕ್ಕೆ ‘ಲೀಚ್’, ಅಂದರೆ ಜಿಗಣೆ, ಎಂಬ ಗುರುತು ಹಾಕಿ ಬದಿಗಿಡುತ್ತದೆ. ಹೆಸರು ಚೆನ್ನಾಗಿದೆ, ನಮ್ಮ ರಕ್ತ ಕುಡಿಯುವ ಕಾರ್ಡು ಎಂದು ಅರ್ಥ. ಬದಿಗಿಟ್ಟದ್ದನ್ನು ಹಾಗೆಯೇ ಮರಳಿ ತರುವುದರಿಂದ ಪ್ರಯೋಜನವಿಲ್ಲ, ಬೇರೆ ರೀತಿಯಲ್ಲಿ ಬರೆಯಬೇಕು. ‘ಎಲರ್ ಬೀಸೆ ಅಲರ್ ಉದಿರ್ದುದು’, ‘ಪೊೞಲ ಪೊಱಗೆ ಪೊನಲ್ ಪರಿದುದು’ (ಗಾಳಿ ಬೀಸಲು ಹೂವು ಉದುರಿತು, ಪಟ್ಟಣದ ಹೊರಗೆ ಹೊಳೆ ಹರಿಯಿತು) ಎಂದು ನಾನೇ ಎರಡು ಸಾಲು ಹೊಸೆದು, ಒಂದೊಂದು ಪದವನ್ನು ಮರೆಮಾಚಿ ಬಿಟ್ಟ ಸ್ಥಳ ತುಂಬುವ ಕಾರ್ಡುಗಳನ್ನಾಗಿ ಮಾಡಿದೆ. ಸಾಲುಗಳು ಕಾವ್ಯವೇನಲ್ಲ, ಆದರೆ ಜಿಗಣೆ ಬಿಟ್ಟಿತು.

ಹಳಗನ್ನಡಕ್ಕೆಂದು ಬೇರೆಯವರು ಮಾಡಿಟ್ಟ ಸಿದ್ಧ ಕಾರ್ಡುಗಳು ನನಗೆ ಸಿಗಲಿಲ್ಲ. ಆಗ ಬೇಸರವಾಗಿತ್ತು, ಈಗ ಅದೇ ಒಳ್ಳೆಯದಾಯಿತೆನಿಸುತ್ತದೆ. ಪದವನ್ನು ಪದ್ಯದಲ್ಲಿ ಕಂಡು, ಅರ್ಥ ಹುಡುಕಿ, ಕಾರ್ಡು ಬರೆಯುವ ಹೊತ್ತಿಗೆ ಕಲಿಕೆಯ ಅರ್ಧ ಮುಗಿದಿರುತ್ತದೆ; ಆಂಕಿ ಮಾಡುವುದು ಆಮೇಲಿನ ಕಾವಲು ಕೆಲಸ ಮಾತ್ರ. ಆ ಕಾವಲಿಗೂ ಮಿತಿಯಿದೆ. ಎಲರ್ ಪದವನ್ನು ವರ್ಷಗಟ್ಟಲೆ ತಪ್ಪಿಲ್ಲದೆ ಹೇಳಿದವನು ಪುಸ್ತಕದಲ್ಲಿ ‘ತಂಬೆಲರ್’ (ತಂಗಾಳಿ) ಎಂದು ಕಂಡಾಗ ತಡವರಿಸಿದೆ. ಕಾರ್ಡಿನಲ್ಲಿ ಒಂಟಿಯಾಗಿ ನಿಂತಿದ್ದ ಪದ ಸಮಾಸದೊಳಗೆ ಹೊಕ್ಕ ಕೂಡಲೇ ಗುರುತು ಸಿಗಲಿಲ್ಲ. ಕಾಗುಣಿತ ತಪ್ಪಿ ಬರೆದಿದ್ದ ಒಂದು ಕಾರ್ಡನ್ನಂತೂ ಆ ತಪ್ಪಿನ ಗುರುತಿನಿಂದಲೇ ಸರಿಯಾಗಿ ಉತ್ತರಿಸುತ್ತಿದ್ದೆನೆಂದು, ತಪ್ಪನ್ನು ತಿದ್ದಿದ ದಿನ ಉತ್ತರ ಹೊಳೆಯದೆ ಹೋದಾಗ ಅರಿವಾಯಿತು. ಓದು ನಿಲ್ಲಿಸಿ ಬರಿಯ ಕಾರ್ಡು ತಿರುಗಿಸುವವನಿಗೆ ಕಾರ್ಡುಗಳಷ್ಟೇ ನೆನಪಿರುತ್ತವೆ.

2021ರಲ್ಲಿ ಮನೆಯಲ್ಲಿ ಕಾಯಿಲೆಯಾಗಿ ಐದು ವಾರ ಇದನ್ನು ಮುಟ್ಟಲಿಲ್ಲ. ತೆರೆದಾಗ 1,400 ಕಾರ್ಡುಗಳು ಬಾಕಿ. ಎಷ್ಟೋ ಜನ ಆಂಕಿಯನ್ನು ಬಿಡುವುದು ಇಂಥ ದಿನವೇ ಎಂದು ನನ್ನ ಊಹೆ. ಹೊಸ ಕಾರ್ಡುಗಳನ್ನು ಸೊನ್ನೆಗಿಳಿಸಿ, ದಿನಕ್ಕೆ ಎಂಬತ್ತು ಮಾತ್ರ ಎಂದು ಮಿತಿ ಹಾಕಿಕೊಂಡು, ಎರಡು ತಿಂಗಳಲ್ಲಿ ತೀರಿಸಿದೆ. ಅಚ್ಚರಿಯೆಂದರೆ ಹಳೆಯ ಕಾರ್ಡುಗಳಲ್ಲಿ ಹೆಚ್ಚಿನವು ತಡವಾದರೂ ನೆನಪಿದ್ದವು.

ಗುಂಡಿ ಒತ್ತುವುದರಲ್ಲಿ ಪ್ರಾಮಾಣಿಕತೆ ಬೇಕು. ಉತ್ತರ ಮರೆತಿದ್ದರೂ ‘ನಾಲಗೆಯ ತುದಿಯಲ್ಲಿತ್ತು’ ಎಂದು ಹಾರ್ಡ್ ಒತ್ತುವುದು ನನ್ನ ದೊಡ್ಡ ತಪ್ಪಾಗಿತ್ತು. ಹಾರ್ಡ್ ಎಂದರೆ ಕಷ್ಟಪಟ್ಟಾದರೂ ನೆನಪಾಯಿತು ಎಂದೇ ಲೆಕ್ಕ. ಅದಲ್ಲದೆ ಹಳೆಯ ಲೆಕ್ಕದಲ್ಲಿ ಹಾರ್ಡ್ ಮತ್ತು ಅಗೇನ್ ಒತ್ತಿದಷ್ಟೂ ಆ ಕಾರ್ಡಿನ ಅಂತರ ಹಿಗ್ಗುವ ವೇಗ ಕುಗ್ಗುತ್ತ, ಕೆಳಮಿತಿಯಾದ ಶೇಕಡಾ 130ಕ್ಕೆ, ಅಂದರೆ ಎರಡೂವರೆ ಪಟ್ಟಿನಿಂದ 1.3 ಪಟ್ಟಿಗೆ, ಇಳಿದು ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಚೆನ್ನಾಗಿ ಕಲಿತ ಮೇಲೂ ಅದೇ ಕಾರ್ಡು ವಾರ ವಾರ ಬಂದು ಮುಖ ತೋರಿಸುತ್ತಿತ್ತು. 2023ರ 23.10 ಆವೃತ್ತಿಯಲ್ಲಿ ಸೇರಿದ ಎಫ್‌ಎಸ್‌ಆರ್‌ಎಸ್ ಎಂಬ ಹೊಸ ಲೆಕ್ಕ ಈ ತೊಡಕನ್ನು ಬಿಡಿಸಿತು. ಅದು ನಮ್ಮದೇ ಹಳೆಯ ಉತ್ತರಗಳ ದಾಖಲೆಯನ್ನು ನೋಡಿ ಮರೆವಿನ ವೇಗವನ್ನು ಅಂದಾಜಿಸುತ್ತದೆ. ಶೇಕಡಾ ಎಷ್ಟು ನೆನಪಿರಬೇಕು ಎಂದು ನಾವೇ ಹೇಳಬಹುದು. ಮೊದಲಿಗೆ 90 ಎಂದಿರುತ್ತದೆ. ಅತ್ಯಾಸೆಯಿಂದ 97 ಮಾಡಿ ನೋಡಿದೆ, ದಿನದ ಕಾರ್ಡುಗಳು ಒಮ್ಮೆಲೇ ಉಕ್ಕಿದವು, ಮರುವಾರವೇ 90ಕ್ಕೆ ಮರಳಿದೆ.

ಕನ್ನಡದಲ್ಲಿ ಬಳಸುವವರಿಗೆ ಒಂದೆರಡು ಮಾತು. ನನ್ನ ಹಳೆಯ ಫೋನಿನಲ್ಲಿ ೞ ಮತ್ತು ಱ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕ ಕಾಣುತ್ತಿತ್ತು. ಈ ಅಕ್ಷರಗಳಿರುವ ಫಾಂಟಿನ ಕಡತಕ್ಕೆ ಅಡಿಗೆರೆಯಿಂದ ಶುರುವಾಗುವ ಹೆಸರಿಟ್ಟು ಆಂಕಿಯ ಮೀಡಿಯಾ ಫೋಲ್ಡರಿನಲ್ಲಿ ಹಾಕಿ, ಕಾರ್ಡಿನ ವಿನ್ಯಾಸದಲ್ಲಿ ಆ ಹೆಸರನ್ನು ಸೂಚಿಸಿದರೆ ಎಲ್ಲ ಸಾಧನಗಳಲ್ಲೂ ಸರಿಯಾಗಿ ಕಾಣುತ್ತದೆ. (ಕಂಪ್ಯೂಟರಿನ ಅಕ್ಷರಸಂಕೇತಗಳ ಪಟ್ಟಿಯಾದ ಯೂನಿಕೋಡಿನಲ್ಲಿ ೞ ಅಕ್ಷರದ ಅಧಿಕೃತ ಹೆಸರು ‘FA’ ಎಂದು ತಪ್ಪಾಗಿ ನಮೂದಾಗಿದೆ, ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ಪದ್ಧತಿ ಅಲ್ಲಿಲ್ಲವಾದ್ದರಿಂದ ಅದು ಹಾಗೆಯೇ ಉಳಿದಿದೆ.) ಉತ್ತರವನ್ನು ಟೈಪ್ ಮಾಡಿಸಿ ಹೋಲಿಸುವ ಸೌಲಭ್ಯವನ್ನು ಮಾತ್ರ ನಾನು ಬಿಟ್ಟುಬಿಟ್ಟೆ. ಕೀಲಿಮಣೆ ನಡುವೆ ಕಣ್ಣಿಗೆ ಕಾಣದ ಚಿಹ್ನೆಯೊಂದನ್ನು ಸೇರಿಸಿದರೂ ಸರಿಯಾದ ಪದ ತಪ್ಪೆಂದು ಕೆಂಪಾಗುತ್ತಿತ್ತು. ವೃತ್ತಗಳ ಲಯಕ್ಕೆ ನನ್ನದೇ ದನಿಯಲ್ಲಿ ಓದಿ ಕಾರ್ಡಿಗೆ ಸೇರಿಸಿದ ಧ್ವನಿಮುದ್ರಣ ಬಹಳ ಉಪಯೋಗಕ್ಕೆ ಬಂತು.

ಕಂಪ್ಯೂಟರಿನಲ್ಲಿ ಆಂಕಿ ಉಚಿತ, ಮುಕ್ತ ತಂತ್ರಾಂಶ. ಆಂಡ್ರಾಯ್ಡಿಗೆ ಸ್ವಯಂಸೇವಕರು ಕಟ್ಟಿದ ಆಂಕಿಡ್ರಾಯ್ಡ್ ಕೂಡ ಉಚಿತ. ಐಫೋನಿನ ಆವೃತ್ತಿಗೆ ಮಾತ್ರ ಒಮ್ಮೆ 24.99 ಡಾಲರ್ ಕೊಡಬೇಕು. ಹೆಸರು ಹೋಲುವ ಬೇರೆ ಆಪ್‌ಗಳೂ ಇವೆ, ನೋಡಿ ಹಾಕಿಕೊಳ್ಳಬೇಕು. ಫೋನು ಮತ್ತು ಕಂಪ್ಯೂಟರಿನ ದಾಖಲೆಗಳು ಹೊಂದದಿದ್ದಾಗ ಯಾವ ಕಡೆಯದನ್ನು ಉಳಿಸಿಕೊಳ್ಳಬೇಕೆಂದು ಅದು ಕೇಳುತ್ತದೆ, ಇನ್ನೊಂದು ಕಡೆಯದು ಅಳಿಸಿಹೋಗುತ್ತದೆ. ಒಮ್ಮೆ ಓದದೆ ಒತ್ತಿ ಒಂದು ತಿಂಗಳ ಕಾರ್ಡುಗಳನ್ನು ಕಳೆದುಕೊಂಡಿದ್ದೆ. ಕಂಪ್ಯೂಟರಿನಲ್ಲಿ ತಾನಾಗಿ ಉಳಿದಿದ್ದ ಬ್ಯಾಕಪ್ಪಿನಿಂದ ಮರಳಿ ಪಡೆದೆ. ತೋರಿಕೆಗೆ ಇದು ಒರಟು ತಂತ್ರಾಂಶ. ಆಯ್ಕೆಗಳ ಪುಟವನ್ನು ಮೊದಲ ಸಲ ತೆರೆದವರು ಗಾಬರಿಯಾಗುವುದು ಸಹಜ. ಹೊಸ ಕಾರ್ಡುಗಳ ಮಿತಿಯೊಂದನ್ನು ಬಿಟ್ಟು ಮೊದಲ ಆರು ತಿಂಗಳು ಬೇರೇನನ್ನೂ ಮುಟ್ಟಬೇಕಾಗಿಲ್ಲ.

ಎಂ.ಎ. ಮುಗಿದು ಬಹಳ ದಿನವಾಯಿತು, ಕಾರ್ಡುಗಳು ಮಾತ್ರ ಬರುತ್ತಲೇ ಇವೆ. ನಿನ್ನೆ ಬಸ್ಸಿನಲ್ಲಿ ಎಲರ್ ಬಂತು. ಗುಡ್ ಒತ್ತಿದೆ, ಮುಂದಿನ ಸರದಿ 2.8 ವರ್ಷಕ್ಕೆ ಎಂದು ತೋರಿಸಿತು. ಅದರ ಹಿಂದೆಯೇ ಬಂದ ಪೊನಲ್ ಪದಕ್ಕೆ ಪಟ್ಟಣ ಎಂದೆ. ಅದು ನಾಳೆ ಮತ್ತೆ ಬರುತ್ತದೆ.