ಮಸಾಲೆ ಟ್ಯೂನಾ ಡಬ್ಬಿ: ನಾಲಿಗೆ ಚುರುಚುರು ಅಂದರೆ ಅಲ್ಲಿಗೇ ನಿಲ್ಲಿಸಿ

ಕಾಳುಮೆಣಸು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹೊಗೆಯ ಘಮ ಅಂತ ಬಗೆಬಗೆಯ ರುಚಿಯಲ್ಲಿ ಬರುವ ದುಬಾರಿ ಟ್ಯೂನಾ ಡಬ್ಬಿಗಳನ್ನು ಇಷ್ಟಪಟ್ಟು ತಿನ್ನುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನಗೂ ನನ್ನ ತಂಗಿಗೂ ಆದದ್ದು ಇನ್ನೊಬ್ಬರಿಗೆ ಆಗುವುದು ಬೇಡ.

ಡಬ್ಬಿ ಹೊಸದು. ತಾರೀಖು ಮುಗಿದಿರಲಿಲ್ಲ, ಎಲ್ಲೂ ಉಬ್ಬಿರಲಿಲ್ಲ, ಜಜ್ಜಿರಲಿಲ್ಲ. ಮುಚ್ಚಳ ಎಳೆದ ಕೂಡಲೇ ಎಣ್ಣೆ ಮತ್ತು ಕಾಳುಮೆಣಸಿನ ಒಳ್ಳೆಯ ಪರಿಮಳ ಬಂತು. ದಪ್ಪ ದಪ್ಪ ತುಂಡುಗಳು, ಮೇಲೆ ಒಡೆದ ಮೆಣಸಿನ ಚೂರು. ಸುಟ್ಟ ಬ್ರೆಡ್ ಮೇಲೆ ಹರಡಿ, ಸೌತೆಕಾಯಿ ಬಿಲ್ಲೆ ಇಟ್ಟು, ನಿಂಬೆ ಹಿಂಡಿ ತಿಂದೆವು. ನಾಲಿಗೆಯ ತುದಿ, ತುಟಿಯ ಒಳಭಾಗ ಚುರುಚುರು ಅಂದಿತು. ಮೆಣಸು ಹಾಕಿದ ಮೀನು, ಖಾರ ಇರೋದು ಸಹಜ ಅಲ್ವಾ?

ತಟ್ಟೆ ತೊಳೆಯುವಷ್ಟರಲ್ಲಿ ತಂಗಿಯ ಮುಖ ಕೆಂಪಾಗಿತ್ತು. ನೋಡನೋಡುತ್ತಿದ್ದಂತೆ ಬಿಸಿಲಿಗೆ ಸುಟ್ಟ ಹಾಗೆ ಆ ಕೆಂಪು ಕುತ್ತಿಗೆ ದಾಟಿ ಎದೆಯವರೆಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ನನಗೂ ಶುರುವಾಯಿತು. ತಲೆ ಸಿಡಿಯುವ ನೋವು, ಎದೆ ಡವಡವ, ಮೈತುಂಬ ತುರಿಕೆ, ಹೊಟ್ಟೆ ತೊಳೆಸುವುದು. ತಡಮಾಡದೆ ಆಸ್ಪತ್ರೆಗೆ ಹೋದೆವು.

ವೈದ್ಯರು ಮೊದಲು ಕೇಳಿದ್ದೇ ಏನು ತಿಂದಿರಿ ಅಂತ. ಟ್ಯೂನಾ ಅಂದ ಕೂಡಲೇ ಅವರಿಗೆ ಅರ್ಥವಾಯಿತು. ಮೀನು ತಿಂದು ಎಂದೂ ತೊಂದರೆಯಾಗದ ಇಬ್ಬರಿಗೆ ಒಂದೇ ಡಬ್ಬಿಯಿಂದ ಒಟ್ಟಿಗೆ ಹೀಗಾದರೆ ಅದು ಅಲರ್ಜಿಗಿಂತ ಹಿಸ್ಟಮಿನ್ ವಿಷವೇ ಇರುವ ಸಾಧ್ಯತೆ ಜಾಸ್ತಿ ಅಂದರು. ಇದಕ್ಕೆ ಸ್ಕಾಂಬ್ರಾಯ್ಡ್ ಅಂತಲೂ ಹೇಳುತ್ತಾರೆ. ಹಿಸ್ಟಮಿನ್‌ನ ಪರಿಣಾಮ ತಡೆಯುವ ಆಂಟಿಹಿಸ್ಟಮಿನ್ ಔಷಧ ಕೊಟ್ಟ ಮೇಲೆ ನಿಧಾನಕ್ಕೆ ಇಳಿಯಿತು.

ಟ್ಯೂನಾ, ಬಂಗಡೆಯಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಅನ್ನುವ ಅಂಶ ಸಹಜವಾಗಿಯೇ ಜಾಸ್ತಿ. ಮೀನು ಹಿಡಿದ ಮೇಲೆ ಬೇಗ ತಣ್ಣಗೆ ಮಾಡದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಡಬ್ಬಿಗೆ ತುಂಬಿ ಬೇಯಿಸುವಾಗ ಬ್ಯಾಕ್ಟೀರಿಯಾ ಸಾಯುತ್ತವೆ, ಆದರೆ ಆಗಲೇ ಹುಟ್ಟಿದ ಹಿಸ್ಟಮಿನ್ ಹಾಗೇ ಉಳಿಯುತ್ತದೆ. ಮನೆಯಲ್ಲಿ ಮತ್ತೆ ಕುದಿಸಿದರೂ ಅಷ್ಟೆ, ಫ್ರೀಜರ್‌ನಲ್ಲಿ ಇಟ್ಟರೂ ಅಷ್ಟೆ. ವಾಸನೆ, ಬಣ್ಣ ನೋಡಿ ಇದನ್ನು ಹಿಡಿಯುವುದು ಕಷ್ಟ. ಕೆಲವು ಸಲ ಸಿಗುವ ಒಂದೇ ಸುಳಿವು ಅಂದರೆ ಆ ಚುರುಚುರು, ಮೆಣಸು ಕಡಿದಂಥ ಉರಿ. ಸಾದಾ ಟ್ಯೂನಾದಲ್ಲಿ ಅದು ತಕ್ಷಣ ಎದ್ದು ಕಾಣುತ್ತದೆ. ಮಸಾಲೆ ಹಾಕಿದ್ದರಲ್ಲಿ ಮುಚ್ಚಿಹೋಗುತ್ತದೆ. ನನಗೆ ಭಯ ಹುಟ್ಟಿಸಿದ್ದು ಇದೇ.

ಹಾಗಾಗಿ ಖಾರದ ರುಚಿಯ ಡಬ್ಬಿ ತೆರೆದಾಗ ಮೊದಲು ಒಂದು ಚೂರನ್ನು ಮಸಾಲೆ ಒರೆಸಿ, ಬರಿದೇ ನಾಲಿಗೆಯ ಮೇಲಿಡಿ. ಆಗಲೂ ತುಟಿ ಜುಮ್ಮೆಂದರೆ, ಲೋಹದ ರುಚಿ ಬಂದರೆ ತಿನ್ನಬೇಡಿ. ಸ್ವಲ್ಪ ಅನುಮಾನ ಬಂದರೂ ಎಸೆಯಿರಿ. ದುಡ್ಡು ಕೊಟ್ಟದ್ದು ಅಂತ ಸುಮ್ನೆ ತಿನ್ನಬೇಡಿ. ರುಚಿ ಚೆನ್ನಾಗಿದ್ದ ಮಾತ್ರಕ್ಕೆ ಪೂರ್ತಿ ಭರವಸೆಯೂ ಇಲ್ಲ, ಒಂದೇ ಮೀನಿನ ಒಂದು ಕಡೆ ಹಿಸ್ಟಮಿನ್ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಇರಬಹುದು. ಡಬ್ಬಿ ಉಬ್ಬಿದ್ದರೆ, ತೆರೆಯುವಾಗ ಚಿಮ್ಮಿದರೆ ಅಂತೂ ರುಚಿ ನೋಡಲೇಬಾರದು. ಅದರಲ್ಲಿ ಬಾಟುಲಿಸಂ ವಿಷ ಇರಬಹುದು, ಅದು ಪ್ರಾಣಕ್ಕೇ ಅಪಾಯ.

ಬಡಿಸುವಾಗಲೂ ಎಚ್ಚರ ಬೇಕು. ತೆರೆದ ಮೇಲೆ ಹೊಸ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತವೆ. ನೆಂಟರು ಬಂದಾಗ ಟ್ಯೂನಾಗೆ ಮಯೋನೀಸ್ ಕಲಸಿ ದೊಡ್ಡ ಬಟ್ಟಲಲ್ಲಿ ಗಂಟೆಗಟ್ಟಲೆ ಮೇಜಿನ ಮೇಲೆ ಇಡುತ್ತಾರಲ್ಲ, ಅದು ಬೇಡ. ಚಿಕ್ಕ ಬಟ್ಟಲಲ್ಲಿ, ಐಸ್ ಮೇಲೆ, ಸ್ವಲ್ಪ ಸ್ವಲ್ಪವೇ ಇಡಿ. ಹೊರಗೆ 2 ಗಂಟೆ ಮೀರಬಾರದು. ಸೆಕೆ 32 ಡಿಗ್ರಿ ದಾಟಿದ್ದರೆ 1 ಗಂಟೆಯೇ ಹೆಚ್ಚು. ಬೇಯಿಸಿದ ಮೊಟ್ಟೆಯ ಅರ್ಧದ ಮೇಲೆ, ಸೌತೆಕಾಯಿ ಬಿಲ್ಲೆಯ ಮೇಲೆ ಇಟ್ಟು ಕೊಡುವುದಾದರೆ ತಿನ್ನುವ ಹೊತ್ತಿಗೇ ಜೋಡಿಸಿ. ಪಾಸ್ತಾಗೆ ಡಬ್ಬಿಯ ಎಣ್ಣೆಯನ್ನೂ ಸುರಿದು ಕಲಸಿದರೆ ಬಹಳ ರುಚಿ, ಉಪ್ಪು ಮಾತ್ರ ಆಮೇಲೆ ನೋಡಿ ಹಾಕಿ. ಉಳಿದದ್ದನ್ನು ಗಾಜಿನ ಡಬ್ಬಕ್ಕೆ ಹಾಕಿ ಫ್ರಿಜ್‌ನಲ್ಲಿಟ್ಟು 3 ದಿನದೊಳಗೆ ಮುಗಿಸಿ.

ಸೋಯಾ ಅಥವಾ ಗೋಧಿ ಅಲರ್ಜಿ ಇರುವವರು ಹಿಂದಿನ ಚೀಟಿ ಓದದೆ ತಿನ್ನಬೇಡಿ. ರುಚಿ ಹಾಕಿದ ಡಬ್ಬಿಗಳಲ್ಲಿ ಇವೆರಡೂ ಸೇರಿರಬಹುದು.

ನಮ್ಮ ದೂರಿಗೆ ಕಂಪನಿಯವರು ಕೊಟ್ಟ ಉತ್ತರ, ಆ ಬಗೆ ಖಾರವೇ ಇರುತ್ತದೆ ಅಂತ. ನನಗೆ ತುಂಬಾ ಸಿಟ್ಟು ಬಂತು. ಡಬ್ಬಿಯನ್ನು ಎತ್ತಿಟ್ಟಿದ್ದರಿಂದ ಬ್ಯಾಚ್ ಸಂಖ್ಯೆ ಸಮೇತ ಆಹಾರ ಸುರಕ್ಷತಾ ಇಲಾಖೆಗೆ ಬರೆದೆವು. ನಿಮಗೂ ಹೀಗಾದರೆ ಖಾಲಿ ಡಬ್ಬಿ, ಉಳಿದ ಮೀನು ಎರಡನ್ನೂ ಮುಚ್ಚಿ ಫ್ರಿಜ್‌ನಲ್ಲಿಡಿ. ಉಸಿರು ಕಟ್ಟಿದರೆ, ಗಂಟಲು ಊದಿದರೆ ಇದ್ಯಾವುದನ್ನೂ ನೋಡುತ್ತಾ ಕೂರಬೇಡಿ, ಮೊದಲು ಆಸ್ಪತ್ರೆಗೆ ಓಡಿ.