ಕುವೆಂಪುನಗರದ ನಮ್ಮ ಫೈಬರ್ ಕನೆಕ್ಷನ್: ಲೈನ್ ಹುಡುಗನಿಗೆ ಐದಕ್ಕೆ ಐದು, ಕಸ್ಟಮರ್ ಕೇರ್‌ಗೆ ಒಂದು

ಮೈಸೂರಲ್ಲಿ ಕುವೆಂಪುನಗರದ ಕಡೆ ಲೈನ್ ಎಳೆದಿರೋ ಲೋಕಲ್ ಆಪರೇಟರ್ ಒಬ್ಬರ ಫೈಬರ್ ಇಂಟರ್ನೆಟ್ ನಮ್ಮನೇಲಿರೋದು, 100 ಎಂಬಿಪಿಎಸ್ ಪ್ಲಾನು. ಹೆಸರು ಬೇಡ ಬಿಡಿ. ಹಾಕ್ಸಿದ ಹೊಸದ್ರಲ್ಲಿ ತುಂಬಾ ಚೆನ್ನಾಗಿತ್ತು. ಈ ಮಳೆಗಾಲ ಶುರುವಾದ್ಮೇಲೆ ನೋಡಿ ಕಾಟ, ಒಂಚೂರು ಗಾಳಿ ಬೀಸಿದ್ರೆ ಸಾಕು ಮಗಳ ಆನ್‌ಲೈನ್ ಕ್ಲಾಸಲ್ಲಿ ಮೇಷ್ಟ್ರ ಮಾತು ತುಂಡು ತುಂಡಾಗಿ ಬರೋದು, ನಮ್ ಯಜಮಾನ್ರು ಆಫೀಸ್ ಮೀಟಿಂಗ್ ಮಧ್ಯ ಮೊಬೈಲ್ ಹಾಟ್‌ಸ್ಪಾಟ್ ಹಾಕ್ಕೊಂಡು ಒದ್ದಾಡೋದು.

ಕೇರ್‌ಗೆ ಫೋನ್ ಮಾಡಿದಾಗೆಲ್ಲ ಒಂದೇ ಮಾತು, ರೂಟರ್ ಆಫ್ ಮಾಡಿ ಆನ್ ಮಾಡಿ ಮೇಡಂ. ಅದಾದ್ಮೇಲೆ 200 ಎಂಬಿಪಿಎಸ್ ಪ್ಲಾನಿಗೆ ಹೋಗಿ, ಸರಿಹೋಗತ್ತೆ ಅಂದ್ರು. ನಂಗೆ ನಿಜವಾಗ್ಲೂ ಕೋಪ ಬಂದಿದ್ದು ಇಲ್ಲೇ. ಲೈನೇ ಕೆಟ್ಟಿದ್ರೆ ಪ್ಲಾನ್ ಏರಿಸಿ ಏನು ಪ್ರಯೋಜನ? ನಿಮಗೂ ಹೀಗೆ ಹೇಳಿದ್ರೆ ಮೊದ್ಲು ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಹಾಕಿ, ವೈಫೈ ಆಫ್ ಮಾಡಿ ಸ್ಪೀಡ್ ಟೆಸ್ಟ್ ನೋಡಿ. ಕೇಬಲ್ಲಲ್ಲಿ 90ರ ಮೇಲೆ ಬಂದು ಫೋನಲ್ಲಿ ಮಾತ್ರ ಕಮ್ಮಿ ಬಂದ್ರೆ ವೈಫೈ ತೊಂದ್ರೆ, ಕೇಬಲ್ಲಲ್ಲೂ ಬರ್ಲಿಲ್ಲ ಅಂದ್ರೆ ರೂಟರಿಂದ ಹಿಂದಕ್ಕೆ ಹುಡುಕ್ಬೇಕು. ನಮಗೆ ಕೇಬಲ್ಲಲ್ಲೇ 20 ದಾಟ್ತಿರ್ಲಿಲ್ಲ. ಈ ಲೆಕ್ಕ ಹೇಳಿ ಪಟ್ಟು ಹಿಡಿದ್ಮೇಲೇನೆ ಲೈನ್ ಹುಡುಗನ್ನ ಕಳಿಸಿದ್ದು.

ಆ ಹುಡುಗ ಬಂದವನೇ ರೂಟರ್ ಸೆಟ್ಟಿಂಗ್ಸ್ ಕಡೆ ನೋಡ್ಲೇ ಇಲ್ಲ. ಫೈಬರ್ ಬಂದು ಸೇರೋ ಬಾಕ್ಸಿನ ಹಿಂದಿರೋ ಹಸಿರು ಕನೆಕ್ಟರ್ ಬಿಚ್ಚಿ, ಬೆಳಕು ಎಷ್ಟು ಬರ್ತಿದೆ ಅಂತ ಅಳೆಯೋ ಪವರ್ ಮೀಟರಿಗೆ ಸಿಕ್ಕಿಸಿದ, ಮೈನಸ್ 29 ತೋರಿಸ್ತು. ಮೈನಸ್ ಆದ್ಮೇಲಿನ ನಂಬರ್ ದೊಡ್ಡದಾದಷ್ಟೂ ಬೆಳಕು ಕಮ್ಮಿ ಅಂತರ್ಥ. "ಅಕ್ಕ, ಮೈನಸ್ 27 ದಾಟಿದ್ರೆ ಬಾಕ್ಸಿಗೆ ಬೆಳಕು ಸಾಕಾಗಲ್ಲ" ಅಂದ. ಆಮೇಲೆ ಹೊರಗೆ ಹೋಗಿ ಕಂಬದಿಂದ ವೈರ್ ಹಿಡ್ಕೊಂಡು ಬಂದ. ಹೊಂಗೆ ಮರದ ಕೊಂಬೆ ಅದರ ಮೇಲೆ ಭಾರ ಬಿಟ್ಟಿತ್ತು, ಸಜ್ಜೆ ಮೂಲೇಲಿ ತಂತಿ ಸುತ್ತಿ ಬಿಗಿದಿದ್ದ ಜಾಗದಲ್ಲಿ ಫೈಬರ್ ಚೂಪಾಗಿ ಮಡಚ್ಕೊಂಡಿತ್ತು. ಒಳಗಿರೋದು ಕೂದಲೆಳೆಯಷ್ಟು ಗಾಜು, ಹಾಗೆ ಮಡಚಿದ್ರೆ ಬೆಳಕು ಅಲ್ಲೇ ಸೋರಿಹೋಗತ್ತೆ, ಗಾಳಿಗೆ ಕೊಂಬೆ ಅಲ್ಲಾಡಿದಾಗ ಇನ್ನೂ ಜಾಸ್ತಿ. ಆ ತುಂಡು ಕತ್ತರಿಸಿ, ಸ್ಪ್ಲೈಸಿಂಗ್ ಮೆಷೀನಲ್ಲಿ ಬೆಸೆದು, ಮೂಲೇಲಿ ಅಗಲವಾಗಿ ಬಳಸಿ ಕ್ಲಿಪ್ ಹೊಡೆದ. ಮತ್ತೆ ಮೀಟರ್ ಹಾಕಿದ್ರೆ ಮೈನಸ್ 21. ಎಂಟು ಡಿಬಿ (ಡೆಸಿಬೆಲ್, ಆ ಮೀಟರಿನ ಅಳತೆ) ವ್ಯತ್ಯಾಸ ಅಂದ್ರೆ ಬೆಳಕು ಆರು ಪಟ್ಟಿಗಿಂತ ಜಾಸ್ತಿ ಆದ ಹಾಗೆ! ಕೇಬಲ್ಲಲ್ಲಿ 94 ಬಂತು.

ವೈಫೈ ಕೆಲಸ ಅವನದ್ದಲ್ಲದಿದ್ರೂ ಅದನ್ನೂ ನೋಡಿಕೊಟ್ಟ. ಟಿವಿ ಷೋಕೇಸ್ ಒಳಗೆ ಕಂಪನಿಯವರೇ ಇಟ್ಟುಹೋಗಿದ್ದ ರೂಟರನ್ನ ಹಾಲ್ ಗೋಡೆ ಮೇಲಕ್ಕೆ ಹಾಕಿದ, 2.4 ಗಿಗಾಹರ್ಟ್ಸ್ ವೈಫೈನಲ್ಲಿ ಚಾನೆಲ್ 11ಕ್ಕೆ ಬದಲಾಯಿಸ್ದ, ಯಾಕಂದ್ರೆ ಅಕ್ಕಪಕ್ಕದ ಮನೆಯವೆಲ್ಲ 1ರಲ್ಲೂ 6ರಲ್ಲೂ ತುಂಬ್ಕೊಂಡಿದ್ವು. ಹಾಲಲ್ಲಿ ಕೂತು ಕೆಲಸ ಮಾಡೋದಕ್ಕೆ 5 ಗಿಗಾಹರ್ಟ್ಸ್ ಹಾಕ್ಕೊಳಿ, ಮಹಡಿ ರೂಮಿಗೆ 2.4 ಇರ್ಲಿ, ಇಷ್ಟು ದಪ್ಪ ಗೋಡೆಗಳನ್ನ 5 ದಾಟಲ್ಲ ಅಂತ ಹೇಳಿದ. ಕಾಫಿ ಕುಡಿದು ಹೊರಟ, ಎಕ್ಸ್ಟ್ರಾ ದುಡ್ಡು ಕೊಡಕ್ಕೆ ಹೋದ್ರೆ ಮುಟ್ಟಲಿಲ್ಲ.

ನಂಗೆ ಬೇಜಾರು ಏನಂದ್ರೆ, ಆ ಮೈನಸ್ 29 ಅನ್ನೋದು ಆಫೀಸಲ್ಲಿ ಕೂತೇ ಅವರ ಕಂಪ್ಯೂಟರಲ್ಲಿ ಕಾಣತ್ತಂತೆ, ಹುಡುಗನೇ ಹೇಳಿದ. ಮೊದಲ ಫೋನಿಗೇ ನೋಡಬಹುದಿತ್ತಲ್ವಾ? ಇಂಥ ಕೆಲಸಗಾರರನ್ನ ಇಟ್ಕೊಂಡು ಕೇರ್‌ನಲ್ಲಿ ಪ್ಲಾನ್ ಮಾರ್ತಾ ಕೂತಿರೋದು ನಂಗೆ ಸರಿ ಕಾಣ್ಲಿಲ್ಲ. ಕನೆಕ್ಷನ್ ತಗೋಬಹುದು, ಆದ್ರೆ ಹಾಕ್ಸೋ ದಿನವೇ ಮೀಟರ್ ರೀಡಿಂಗ್ ಕೇಳಿ ಬರ್ಕೊಂಡಿರಿ, ಕಂಪ್ಲೇಂಟ್ ಕೊಡುವಾಗ ಆ ನಂಬರನ್ನೇ ಹೇಳಿ. ನಾನು ಸದ್ಯಕ್ಕೆ ವರ್ಷದ ಪ್ಲಾನ್ ಕಟ್ಟದೆ ಮೂರು ತಿಂಗಳದ್ದು ಕಟ್ಟಿದ್ದೀನಿ.